ಆಂಟೆನಾ ಬದಲಿಗೆ ನಾನು

ನಾನು ಒಂದು ತಗಡಿನ ಡಬ್ಬಿ. ಹುಟ್ಟಿದ್ದು ವನಸ್ಪತಿ ತುಂಬಲೆಂದು. ಗದಗಿನ ಅಂದಾನಪ್ಪ ಹೂಗಾರನ ಅಡುಗೆಮನೆಯಲ್ಲಿ ಒಂದು ದೀಪಾವಳಿ ಕಳೆದು ಖಾಲಿಯಾದೆ. ಖಾಲಿ ಡಬ್ಬಿಗಳಿಗೆ ಮನೆಯಲ್ಲಿ ಸಾಮಾನ್ಯವಾಗಿ ಸಿಗುವ ಕೆಲಸ ಬೇಳೆ ಕಾಯುವುದು, ಇಲ್ಲವೇ ತುಳಸಿ ಗಿಡ ಹೊರುವುದು. ನನಗೆ ಎರಡೂ ಸಿಗಲಿಲ್ಲ. ಬೆಟಗೇರಿ ರಸ್ತೆಯಲ್ಲಿ ಅಂದಾನಪ್ಪನ ಮೋಟಾರ್ ರಿವೈಂಡಿಂಗ್ ಅಂಗಡಿ ಇತ್ತು. ಅವನು ನನ್ನನ್ನು ಅಲ್ಲಿಗೆ ಒಯ್ದು, ತಿಕ್ಕಿ ತೊಳೆದು, ಒಳಗೆ ಕಾರ್ಬನ್ ರೆಸಿಸ್ಟರುಗಳನ್ನು ದ್ರಾಕ್ಷಿ ಗೊಂಚಲಿನಂತೆ ಬೆಸೆದು ಇಳಿಬಿಟ್ಟ. ಮೇಲೆ ಟ್ರಾನ್ಸ್‌ಫಾರ್ಮರ್ ಎಣ್ಣೆ ಹೊಯ್ದ. ಮುಚ್ಚಳಕ್ಕೆ ಕೇಬಲ್ ಸಿಕ್ಕಿಸುವ ಸಾಕೆಟ್ ಕೂರಿಸಿದ.

"ಇನ್ನ ಮ್ಯಾಲ ಇದು ಡಮ್ಮಿ ಲೋಡ್," ಎಂದ.

ಪಕ್ಕದಲ್ಲಿದ್ದ ಹುಸೇನಸಾಬ ನದಾಫ ಬಗ್ಗಿ ನನ್ನನ್ನು ಮೂಸಿದ. ಮದುವೆ, ಸಭೆಗಳಿಗೆ ಮೈಕ್ ಸೆಟ್ ಬಾಡಿಗೆ ಕೊಡುವ ಅವನ ಅಂಗಡಿ ಎದುರಿಗೇ ಇತ್ತು. "ಹೆಸರೇನೋ ಇಂಗ್ಲಿಷಿಂದು ಬಂತು. ವಾಸನಿ ಇನ್ನೂ ಶಿರಾದ್ದ ಐತಿ," ಎಂದ.

ನನ್ನ ಕೆಲಸ ಹೇಳುವುದು ಸುಲಭ. ಟ್ರಾನ್ಸ್‌ಮಿಟರಿಗೆ ಆಂಟೆನಾ ಜೋಡಿಸಿದರೆ ಮಾತು ಗಾಳಿಗೆ ಹೋಗುತ್ತದೆ, ದೂರದಲ್ಲಿ ಯಾರಿಗೋ ಕೇಳಿಸುತ್ತದೆ. ಆಂಟೆನಾ ಬದಲಿಗೆ ನನ್ನನ್ನು ಜೋಡಿಸಿದರೆ ಅದೇ ಮಾತು ನನ್ನ ಎಣ್ಣೆಯಲ್ಲಿ ಶಾಖವಾಗಿ ಮುಗಿದುಹೋಗುತ್ತದೆ. ಲೈಸೆನ್ಸ್ ಇಲ್ಲದವರು ಗಾಳಿಗೆ ಒಂದು ಚುಕ್ಕಿಯನ್ನೂ ಬಿಡುವಂತಿಲ್ಲ. ಆ ಇಬ್ಬರಿಗೂ ಲೈಸೆನ್ಸ್ ಇರಲಿಲ್ಲ. ಅದಕ್ಕೇ ನನಗೆ ಈ ಎರಡನೆಯ ಹುಟ್ಟು.

ಹವ್ಯಾಸಿ ರೇಡಿಯೋದ ಪರೀಕ್ಷೆಗೆ ಇಬ್ಬರೂ ಭಾನುವಾರ ಬೆಳಿಗ್ಗೆ ಅಂಗಡಿಯ ಅರ್ಧ ಬಾಗಿಲು ಎಳೆದುಕೊಂಡು ಓದುತ್ತಿದ್ದರು. ಮೋಟಾರು ಬಲ್ಲ ಅಂದಾನಪ್ಪನಿಗೆ ವಿದ್ಯುತ್ತಿನ ಪಾಠ ಸಲೀಸು. ನಿಯಮಗಳು ಹುಸೇನಸಾಬನಿಗೆ ಬೇಗ ಬಾಯಿಗೆ ಬಂದವು. ರಾಜಕೀಯ ಮಾತಾಡಬಾರದು, ವ್ಯಾಪಾರ ಮಾತಾಡಬಾರದು, ಲೈಸೆನ್ಸ್ ಇಲ್ಲದವನ ಜೊತೆ ಮಾತಾಡಲೇಬಾರದು. "ಹಿಂಗಾದ್ರ ಮಾತಾಡೂದು ಏನ ಉಳೀತಲೇ ಅಂದಾನಿ?" ಎಂದು ಅವನು ಕೇಳಿದರೆ, "ಸಿಗ್ನಲ್ ಹೆಂಗೈತಿ, ಹವಾ ಹೆಂಗೈತಿ. ಅಷ್ಟ ಸಾಕು," ಎಂದು ಅಂದಾನಪ್ಪ ಪುಟ ತಿರುವುತ್ತಿದ್ದ.

ಕಷ್ಟವಾದದ್ದು ಮೋರ್ಸ್. ಚುಕ್ಕಿ ಮತ್ತು ಗೆರೆಗಳ ಆ ಭಾಷೆಯನ್ನು ಒತ್ತಿ ಕಳಿಸಬೇಕು, ಕೇಳಿ ಬರೆದುಕೊಳ್ಳಬೇಕು. ಪರೀಕ್ಷೆಯಲ್ಲಿ ಎರಡೂ ಇರುತ್ತವೆ. ಆದರೆ ಒತ್ತುವ ಕೀ ಇದ್ದದ್ದು ಒಂದೇ, ಅದು ಅಂದಾನಪ್ಪನದು. ಅವನು ಒತ್ತುತ್ತಿದ್ದ, ಹುಸೇನಸಾಬ ಬರೆಯುತ್ತಿದ್ದ. ಮೊದಲ ವಾರ ಹಾಗೆ ಶುರುವಾಯಿತು. ಆಮೇಲೆ ಅದೇ ಪದ್ಧತಿಯಾಯಿತು. ಹುಸೇನಸಾಬನ ಕಿವಿ ಎಷ್ಟು ಹದವಾಯಿತೆಂದರೆ ಬೀಡಿ ಹಚ್ಚುತ್ತಲೇ ಸಾಲುಗಟ್ಟಲೆ ಬರೆದುಬಿಡುತ್ತಿದ್ದ. ಅಂದಾನಪ್ಪನಿಗೋ ತಾನು ಒತ್ತಿದ್ದನ್ನು ತಾನೇ ಕೇಳಿ ಕೇಳಿ ಕೈಯ ಜೊತೆ ಕಿವಿಯೂ ಬಂತು. ಒಬ್ಬನಿಗೆ ಎರಡು ವಿದ್ಯೆ ಬರುತ್ತಿದೆ, ಇನ್ನೊಬ್ಬನಿಗೆ ಒಂದೇ ಎಂಬುದು ಮೇಜಿನ ಕೆಳಗಿದ್ದ ನನಗೆ ಕಾಣುತ್ತಿತ್ತು. ಮೇಜಿನ ಮೇಲಿದ್ದವರಿಗೆ ಕಾಣಲಿಲ್ಲ.

ಇಬ್ಬರೂ ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆದು ಬಂದರು. ಫಲಿತಾಂಶ ಬಂದ ದಿನ ಅಂಗಡಿಯಲ್ಲಿ ಪಂಪ್‌ಸೆಟ್ ಮೋಟಾರು ತಂದಿದ್ದ ರೈತರು ಕೂತಿದ್ದರು. "ಏನಾತ್ರಿ ಅಂದಾನಪ್ಪಾರ, ಇಬ್ರೂ ಪಾಸೇನು?" ಎಂದು ಒಬ್ಬ ಕೇಳಿದ.

"ನಾ ಪಾಸು. ಇವಂದು ಕಿವಿ ಪಾಸಾತು, ಕೈ ಫೇಲಾತು," ಎಂದ ಅಂದಾನಪ್ಪ. "ಮೈಕಿನ ಸಾಬಂದು ಅಲ್ಲೇನು? ಬರೇ ಹಾರ್ನ್ ಐತಿ, ಒಳಗ ಯಂತ್ರ ಇಲ್ಲ."

ಎಲ್ಲರೂ ನಕ್ಕರು. ಹುಸೇನಸಾಬನೂ ನಕ್ಕ. ನಗು ಮುಗಿದ ಮೇಲೆ ಹೇಳಿದ: "ಕೈ ಪಳಗಬೇಕಾದ್ರ ಕೀ ನನ್ನ ಕೈಯಾಗ ಬರಬೇಕಾಗಿತ್ತು."

"ಬೇಡಿದ್ರ ಕೊಡತಿದ್ನಲ್ಲೋ."

"ಬೇಡಬೇಕಾಗಿತ್ತು ಅನ್ನೂದ ನನಗ ಗೊತ್ತಿರಲಿಲ್ಲ."

ಅಷ್ಟೇ. ಜೋರು ದನಿಯಿಲ್ಲ, ಬೈಗುಳವಿಲ್ಲ. ಮುಂದಿನ ಭಾನುವಾರ ಅವನು ರಸ್ತೆ ದಾಟಿ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ.

ಅಂದಾನಪ್ಪನ ಲೈಸೆನ್ಸ್ ಬರುವ ಹೊತ್ತಿಗೆ ಅವನು ಅಂಗಡಿಯನ್ನು ಸಿಂಧನೂರಿಗೆ ಸಾಗಿಸುವುದರಲ್ಲಿದ್ದ. ಕಾಲುವೆ ನೀರಿನ ಊರು, ಪಂಪುಗಳು ಹೆಚ್ಚು, ಸುಡುವುದೂ ಹೆಚ್ಚು. ಹೊರಡುವ ಮುಂಚೆ ನನ್ನನ್ನು ತನ್ನ ಆಳಿನ ಕೈಲಿ ಎದುರಿನ ಅಂಗಡಿಗೆ ಕಳಿಸಿದ. ಆಳು ನನ್ನನ್ನು ಬೆಂಚಿನ ಮೇಲಿಟ್ಟು, "ನಿಮಗ ಲೈಸೆನ್ಸ್ ಬರೂತನಕ ಇದು ಬೇಕಾಗತೈತಂತ್ರಿ," ಎಂದ. ಇನ್ನೊಮ್ಮೆ ಪರೀಕ್ಷೆಗೆ ಕೂರು ಎನ್ನುವುದೇ ಅಂದಾನಪ್ಪನ ಮನಸ್ಸಿನಲ್ಲಿದ್ದದ್ದು. ನನ್ನನ್ನು ಒರೆಸಿ ಕೊಡುವಾಗ ಅವನ ಮುಖ ನೋಡಿದ್ದೆ. ಹುಸೇನಸಾಬ ಆ ಮುಖ ನೋಡಿರಲಿಲ್ಲ. ಅವನಿಗೆ ಕೇಳಿಸಿದ್ದು ಆಳಿನ ಮಾತು ಮಾತ್ರ.

"ನೋಡಿದೇನು," ಎಂದು ಹೆಂಡತಿ ಮಾಬೂಬಿಗೆ ನನ್ನನ್ನು ತೋರಿಸಿದ. "ನನ್ನ ಯೋಗ್ಯತಾ ಡಬ್ಬ್ಯಾಗ ಹಾಕಿ ಕಳಿಸ್ಯಾನ."

ಆದರೂ ನನ್ನನ್ನು ಎಸೆಯಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನ ರಿಸೀವರ್ ಇತ್ತು, ಅರ್ಧ ಕಟ್ಟಿದ ಒಂದು ಸಣ್ಣ ಟ್ರಾನ್ಸ್‌ಮಿಟರ್ ಇತ್ತು. ಒಂದು ಭಾನುವಾರ ಬೆಳಿಗ್ಗೆ ರಿಸೀವರಿನಲ್ಲಿ ಒಂದು ಕೈ ಕೇಳಿಸಿತು. ಅಂದಾನಪ್ಪನ ಕೈ. ಗೆರೆಗಳನ್ನು ಕೂದಲೆಳೆಯಷ್ಟು ಎಳೆಯುವ ಅವನ ಅಭ್ಯಾಸ ನನಗೂ ಗೊತ್ತಿತ್ತು. ಯಾರಾದರೂ ಇದ್ದೀರಾ ಎಂದು ಕರೆದು, ಲೈಸೆನ್ಸಿನ ಜೊತೆ ಸಿಕ್ಕ ತನ್ನ ಗುರುತಿನ ಸಂಕೇತ ಹೇಳಿ, ಕೊನೆಗೆ ಬೇಕಿಲ್ಲದ ನಾಲ್ಕು ಚುಕ್ಕಿ ಬಡಿದ. ಮೋರ್ಸಿನಲ್ಲಿ ನಾಲ್ಕು ಚುಕ್ಕಿ ಎಂದರೆ ಇಂಗ್ಲಿಷಿನ ಎಚ್, ಹುಸೇನನ ಹೆಸರಿನ ಮೊದಲ ಅಕ್ಷರ.

ಹುಸೇನಸಾಬ ಬೀಡಿ ಆರಿಸಿದ. ಆ ವಾರವೇ ಟ್ರಾನ್ಸ್‌ಮಿಟರ್ ಕಟ್ಟಿ ಮುಗಿಸಿದ. ಗರಗಸದ ಹಳೆ ಅಲಗು ಕತ್ತರಿಸಿ ಕೀ ಮಾಡಿಕೊಂಡ. ಆಂಟೆನಾ ಬದಲಿಗೆ ನನ್ನನ್ನು ಜೋಡಿಸಿ ಉತ್ತರ ಕೊಟ್ಟ. ಕೈ ಎಡವುತ್ತಿತ್ತು. ಹೇಳಿದ್ದು ಇಷ್ಟು: ಕೇಳಿಸ್ತು.

ಆಮೇಲೆ ಪ್ರತಿ ಭಾನುವಾರ ಹೀಗೆಯೇ. ಅಂದಾನಪ್ಪ ಸಿಂಧನೂರಿನಿಂದ ಗಾಳಿಗೆ ಕರೆಯುತ್ತಿದ್ದ, ಇವನು ನನಗೆ ಉತ್ತರ ಹೇಳುತ್ತಿದ್ದ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ. ಅಕ್ಕಿ ಆಲೂರಿನಿಂದ ಮಗಳಿಗೆ ಗಂಡು ಬಂದೈತಿ. ಅವ್ವ ಹ್ವಾದಳು, ನಿನಗ ಹೇಳಿ ಕಳಿಸಬೇಕಿತ್ತು. ಆ ರೈತರ ಮುಂದ ನೀ ಹಂಗ ಅನಬಾರದಿತ್ತು. ಒಂದು ಬೆಳಿಗ್ಗೆ ಹೀಗೆ ಒತ್ತಿದ: ಅಂದಾನಿ, ನಾ ಕೀ ಬೇಡಬಹುದಿತ್ತು. ಆ ದಿನ ನನ್ನ ತಗಡು ಮುಟ್ಟಿದರೆ ಸುಡುವಷ್ಟು ಕಾದಿತ್ತು.

ಮಾಬೂಬಿ ಚಹಾ ತಂದಿಟ್ಟು ಹೇಳುತ್ತಿದ್ದಳು. "ಈ ಡಬ್ಬಿಗೆ ಹೇಳೂದನ್ನ ಅವರಿಗೆ ಒಂದು ಕಾರ್ಡಿನ್ಯಾಗ ಬರೀರಿ."

"ಕಾರ್ಡು ಪೋಸ್ಟಮನ್ ಓದತಾನ."

"ಹಂಗಾರ ಆ ವಾಯರ್ ಮಾಳಗಿ ಮ್ಯಾಲಿನ ಆಂಟೆನಾಕ್ಕ ಹಚ್ಚರಿ."

ಒಂದು ಸಲ ಹಚ್ಚುವುದರಲ್ಲಿದ್ದ. ಅಂದು ಅಂದಾನಪ್ಪ ನಾಲ್ಕು ಚುಕ್ಕಿಯನ್ನು ಮೂರು ಸಲ ಬಡಿದಿದ್ದ. ಹುಸೇನಸಾಬ ನನ್ನಿಂದ ಕೇಬಲ್ ಬಿಚ್ಚಿ ಆಂಟೆನಾದ ಬಾಯಿಗೆ ಹಿಡಿದ. ಆದರೆ ತಿರುಗಿ ತಂದು ನನಗೇ ಸಿಕ್ಕಿಸಿದ. "ಲೈಸೆನ್ಸ್ ಇಲ್ಲದವನ ಕೂಡ ಮಾತಾಡಿದ ಅಂತ ಅವನ ಲೈಸೆನ್ಸ್ ಹೋಗತೈತಿ," ಎಂದ.

"ಮತ್ತ ನೀವೂ ಪರೀಕ್ಷಾಕ್ಕ ಹೋಗಿ ತಗೋರಲ್ಲ."

"ಇನ್ನೊಮ್ಮೆ ಫೇಲಾಗಿ ಬಂದ್ರ?"

ಅವನಿಗೆ ತಿಳಿಯದ ಒಂದು ಸಂಗತಿ ನನಗೆ ತಿಳಿದಿತ್ತು. ಆ ಹೊತ್ತಿಗಾಗಲೇ ಅವನ ಕೈ ಅಂದಾನಪ್ಪನ ಕೈಗಿಂತ ಹಸನಾಗಿತ್ತು. ನನಗೆ ಉತ್ತರ ಕೊಟ್ಟು ಕೊಟ್ಟೇ ಅವನು ಪರೀಕ್ಷೆಗೆ ಬೇಕಾದ್ದನ್ನೆಲ್ಲ ಕಲಿತಿದ್ದ. ಹೇಳೋಣವೆಂದರೆ ನಾನು ಡಬ್ಬಿ. ಒಳಗೆ ಬಂದದ್ದು ನನ್ನಿಂದ ಹೊರಗೆ ಹೋಗುವುದಿಲ್ಲ.

ವರ್ಷಗಳು ಹೋದವು. ಒಂದು ಭಾನುವಾರ ಅಂದಾನಪ್ಪ ಕರೆದ, ಸಂಕೇತ ಹೇಳಿದ, ನಿಲ್ಲಿಸಿದ. ನಾಲ್ಕು ಚುಕ್ಕಿ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ಮೂರನೆಯ ವಾರ ಹುಸೇನಸಾಬ ಹಳೆಯ ಪುಸ್ತಕ ಹುಡುಕಿ ತೆಗೆದ, ಯಾರಿಗೂ ಹೇಳದೆ ಅರ್ಜಿ ಹಾಕಿ ಬೆಂಗಳೂರಿಗೆ ಹೋಗಿ ಬಂದ. ಬಂದವನು ಚಪ್ಪಲಿ ಬಿಡುತ್ತಲೇ ಮಾಬೂಬಿಗೆ ಹೇಳಿದ: "ನನ್ನ ಕೈ ಕೇಳಿ ಅವರು, ಎಷ್ಟು ವರ್ಷದಿಂದ ಗಾಳಿಯಲ್ಲಿದ್ದೀರಿ ಅಂತ ಕೇಳಿದ್ರು."

"ನೀವೇನಂದ್ರಿ?"

"ಸುಮ್ಮನ ನಕ್ಕೆ."

ಪಾಸಾದ. ಲೈಸೆನ್ಸ್ ಕೈಗೆ ಬರಲು ಮತ್ತೊಂದು ವರ್ಷ ಹಿಡಿಯಿತು. ಬಂದ ಮೇಲಿನ ಮೊದಲ ಭಾನುವಾರ ಹೊಸ ಅಂಗಿ ಹಾಕಿಕೊಂಡು ಕೂತ. ನನ್ನಿಂದ ಕೇಬಲ್ ಬಿಚ್ಚಿ ಆಂಟೆನಾಕ್ಕೆ ಕೊಟ್ಟ. ಮಾಬೂಬಿ ಬಾಗಿಲಲ್ಲಿ ನಿಂತಿದ್ದಳು. ಸಿಂಧನೂರಿನ ಕರೆ ಬಂತು, ಇವನು ಉತ್ತರಿಸಿದ. ಆ ಕಡೆಯಿಂದ ವಾಡಿಕೆಯ ವರದಿ: ನಿಮ್ಮ ಸಿಗ್ನಲ್ ಸ್ಪಷ್ಟ, ಬಲವಾಗಿದೆ, ಹೆಸರು ತಿಳಿಸಿ. ಇವನು ಹೆಸರು ಒತ್ತಿದ.

ಆಮೇಲೆ ನಿಧಾನವಾಗಿ ಬಂತು: ಇಷ್ಟು ವರ್ಷ ಎಲ್ಲಿದ್ದಿ?

ನಾನು ಕಾದೆ. ಅವ್ವನ ಸುದ್ದಿ, ಮಗಳ ಸುದ್ದಿ, ಬೇಡದೆ ಉಳಿದ ಕೀಯ ಮಾತು ಎಲ್ಲವೂ ಅವನ ಬೆರಳಿಗೆ ರೂಢಿಯಾಗಿದ್ದವು. ಹುಸೇನಸಾಬ ಒತ್ತಿದ: ಆಂಟೆನಾ ಸರಿ ಇರಲಿಲ್ಲ.

ತಿಳೀತು, ಎಂದ ಅಂದಾನಪ್ಪ. ಇಲ್ಲಿ ಬಿಸಿಲು ಜಾಸ್ತಿ. ನಮಸ್ಕಾರ.

"ಇಷ್ಟ ಏನು?" ಎಂದು ಮಾಬೂಬಿ ಕೇಳಿದಳು.

"ಗಾಳ್ಯಾಗ ಇಷ್ಟ ಮಾತಾಡೂದು," ಎಂದ ಅವನು.

ಈಗ ನಾನು ಬೆಂಚಿನ ಕೆಳಗೆ ಒಡೆದ ಹಾರ್ನುಗಳ ಪಕ್ಕದಲ್ಲಿದ್ದೇನೆ. ಬೆಸುಗೆಯ ಕಡೆ ಎಣ್ಣೆ ಜಿನುಗುತ್ತದೆ. ನನಗೆ ಬಂದ ಮಾತುಗಳು ನನಗಾಗಿ ಆಡಿದವಲ್ಲ, ಬಲ್ಲೆ. ಆದರೆ ಸಲ್ಲಬೇಕಾದವನಿಗೂ ಅವು ಸಲ್ಲಲಿಲ್ಲ. ನಾನಿಲ್ಲದಿದ್ದರೆ ಅವನು ಎಂದೋ ತಡೆಯಲಾರದೆ ಒಂದು ಕಾರ್ಡಾದರೂ ಬರೆಯುತ್ತಿದ್ದನೇನೋ. ಹೇಳಿಕೊಂಡ ಸಮಾಧಾನ ಇಲ್ಲೇ ಸಿಕ್ಕಿಬಿಟ್ಟರೆ ಸಿಂಧನೂರು ಬಹಳ ದೂರವಾಗುತ್ತದೆ.

ಪ್ರತಿ ಭಾನುವಾರ ಇಬ್ಬರೂ ತಪ್ಪದೆ ಸಿಗುತ್ತಾರೆ. ಸಿಗ್ನಲ್ ಹೇಗಿದೆ, ಹವೆ ಹೇಗಿದೆ, ನಮಸ್ಕಾರ. ಒಮ್ಮೊಮ್ಮೆ ನಮಸ್ಕಾರದ ಮೇಲೂ ಇಬ್ಬರೂ ಎದ್ದು ಹೋಗುವುದಿಲ್ಲ. ಇಲ್ಲಿ ಹುಸೇನಸಾಬನ ಬೆರಳು ಕೀಯ ಮೇಲೆಯೇ ಇರುತ್ತದೆ. ಆ ತುದಿಯಲ್ಲಿ ಹಳೆಯ ನಾಲ್ಕರಲ್ಲಿ ಒಂದು ಚುಕ್ಕಿ ಬಡಿಯುತ್ತದೆ, ಉಳಿದ ಮೂರು ಬರುವುದಿಲ್ಲ. ಇವನೂ ಒಂದು ಚುಕ್ಕಿ ಬಡಿಯುತ್ತಾನೆ, ನಿಲ್ಲಿಸುತ್ತಾನೆ. ಆಮೇಲೆ ಯಾರೋ ಒಬ್ಬರು ಮೊದಲು ಸ್ವಿಚ್ ಆರಿಸುತ್ತಾರೆ.