ಹರಟೆಯ ಡಬ್ಬಿ

ಥೂ, ಮತ್ತೆ ಅದೇ ಎಣ್ಣೆ ವಾಸನೆ, ಈ ಹೆಡ್‌ಫೋನನ್ನು ನನಗಿಂತ ಮೊದಲು ಯಾರು ಹಾಕಿಕೊಂಡಿದ್ದರೋ, ಸ್ಪಂಜು ಅವರ ತಲೆಯ ಎಣ್ಣೆ ಕುಡಿದು ಕುಡಿದು ಜಿಡ್ಡುಗಟ್ಟಿದೆ, ತೆಗೆದರೆ ಕಿವಿಯಿಂದ ಕಿತ್ತು ಬರುತ್ತದೆ, ಹಾಕಿಕೊಂಡರೆ ಮತ್ತೆ ಅಂಟುತ್ತದೆ, ಹಾಕಿಕೊಳ್ಳಲೇಬೇಕು, ಇನ್ನೂ ನೂರಾ ಹತ್ತು ಕರೆ ಬಾಕಿ, ಒಂದೊಂದನ್ನೂ ಕೇಳಿ ಕರೆ ಮಾಡಿದವರ ಉದ್ದೇಶವೇನೆಂದು ಒಂದು ಡಬ್ಬಿಗೆ ಹಾಕಬೇಕು, ರೋಗ, ಲಸಿಕೆ, ಮೇವು, ಡಾಕ್ಟರು, ಹರಟೆ — ಜೋರಾಪುರ ಪೇಟೆಯ ಬಟ್ಟೆ ಅಂಗಡಿಯ ಮೇಲಿನ ಈ ಒಂದೂವರೆ ಕೋಣೆಯಲ್ಲಿ ಕೂತು ನಾವು ಮಷೀನಿಗೆ ಮನುಷ್ಯರ ಮಾತು ಕಲಿಸುತ್ತೇವೆ, ದನಕರುಗಳ ಸಹಾಯವಾಣಿ, ಊರೂರಿನ ಕಷ್ಟವೆಲ್ಲ ಐದೇ ಡಬ್ಬಿ. ಮತ್ತೆ ಹಚ್ಚಿದೆ, ಅದೇ ಕರೆ, ನಾಲ್ಕನೇ ಸಲ ಕೇಳುತ್ತಿದ್ದೇನೆ. ಯವ್ವಾ ಆರತಿ, ನೀನ ಹೌದಿಲ್ಲೋ? ಉಂಡಿಯೇನವ್ವಾ? ನಿಮ್ಮವ್ವನ ಮೊಣಕಾಲ ನೋವು ಹೆಂಗೈತಿ, ಜಲನಗರದಾಗ ನೀರ ಬರಾಕತ್ತಾವೇನು? ಇಷ್ಟು ಕೇಳಿ ಸುಮ್ಮನಾಗುತ್ತಾಳೆ. ಗುರುಬಾಯಿ ಚಿಗವ್ವ, ಅವ್ವನ ತಂಗಿ, ತನ್ನೂರು ಕಳ್ಳಕವಟಗಿಯ ಕುರಿದೊಡ್ಡಿಯಲ್ಲಿ ನಿಂತಿದ್ದಾಳೆ, ಬಟನ್ ಫೋನನ್ನು ಎಂದೂ ಕಿವಿಗಿಟ್ಟವಳಲ್ಲ, ಎರಡೂ ಕೈಯಲ್ಲಿ ಹಿಡಿದು ಬಾಯಿಯ ಮುಂದೆ ತಂದುಕೊಳ್ಳುತ್ತಾಳೆ, ಬಿಸಿ ಚಹಾದ ಬಟ್ಟಲು ಹಿಡಿದ ಹಾಗೆ, ನನಗೆ ಕಾಣುತ್ತಿದೆ, ಕಾಣುವುದು ಬೇಡ ಅಂದರೂ ಕಾಣುತ್ತಿದೆ. ಆಮೇಲೆ ಒಂದು ಹೆಣ್ಣು ದನಿ, ನುಣ್ಣಗೆ, ಧನ್ಯವಾದಗಳು, ನಿಮ್ಮೊಂದಿಗೆ ಮಾತಾಡಿ ಸಂತೋಷವಾಯಿತು, ಬೇರೇನಾದರೂ ಇದ್ದರೆ ಹೇಳಿ. ಮೂರು ಸೆಕೆಂಡು. ಶುಭದಿನ. ಕಟ್. ಆ ದನಿ ನನ್ನದು. ಮಷೀನಿಗೆ ಓದಿ ಕೊಟ್ಟ ದನಿ.

ಆರತಿ, ನಿಮ್ಮ ದನಿ ಭಾಳ ಚಲೋ ಐತ್ರಿ, ಮನಿ ಮಗಳು ಮಾತಾಡಿದಂಗ ಅನಸ್ತೈತಿ, ಮಂದಿ ನಂಬ್ತಾರ — ಇಲ್ಲಿಯ ಮ್ಯಾನೇಜರ್ ಸತೀಶಕುಮಾರ ಸರ್ ಹೀಗಂದಾಗ ಉಬ್ಬಿ ಹೋಗಿದ್ದೆ, ಫ್ಯಾನು ಬಂದ್ ಮಾಡಿ ಬೆವರುತ್ತಾ ನಲವತ್ತು ವಾಕ್ಯ ಓದಿ ಕೊಟ್ಟೆ, ಕಳ್ಳಕವಟಗಿಗೆ ಹೋಗಿ ಡಂಗುರ ಬೇರೆ ಹೊಡೆದೆ, ಚಿಗವ್ವಾ, ಈ ನಂಬರಿಗೆ ಹಚ್ಚು, ನನ್ನ ದನೀನ ಕೇಳ್ತೈತಿ, ಕುರಿಗೆ ಏನರ ಆದ್ರ ನಾ ಅದೇನಿ. ನಾ ಅದೇನಿ! ನಾಚಿಕೆ ಇಲ್ಲದ ಬಾಯಿ. ಹರಟೆಯ ಡಬ್ಬಿ ಯಾರದು? ಅದೂ ನನ್ನದೇ. ಮೊದಲ ತಿಂಗಳು ಕರೆ ಮಾಡಿದವರೆಲ್ಲ ಆರಾಮೇನ್ರಿ, ಚಹಾ ಆತೇನ್ರಿ ಅಂತ ಶುರುಮಾಡಿ ಮಷೀನು ತಬ್ಬಿಬ್ಬಾಗುತ್ತಿತ್ತು, ನಾನೇ ಎದ್ದು ನಿಂತು ಹೇಳಿದೆ, ಸರ್, ಅದಕ್ಕೊಂದು ಬ್ಯಾರೆ ಡಬ್ಬಿ ಮಾಡೂನ್ರಿ, ಮೂರು ಸೆಕೆಂಡಿನಾಗ ಮುಂದ ಮಾತಾಡಲಿಲ್ಲಂದ್ರ ಕಟ್ ಮಾಡೂನ್ರಿ. ಶಾಣ್ಯಾ ಅದೀರಿ ಅಂದ, ಪೇಢೆ ತರಿಸಿದ, ತಿಂದೆ. ಈ ಸೀಮೆಯಲ್ಲಿ ಹುಟ್ಟಿದವಳಿಗೆ ಗೊತ್ತಿರಲಿಲ್ಲವೇ, ಕೇಳಿದವರನ್ನು ತಿರುಗಿ ಕೇಳಬೇಕು, ನೀವು ಹೆಂಗದೀರಿ ಅನ್ನಬೇಕು, ಆಗಲೇ ಅವರು ತಮ್ಮ ಕಷ್ಟ ಬಿಚ್ಚುವುದು, ಅಲ್ಲಿಯವರೆಗೆ ಮನೆಗೆ ಬೆಂಕಿ ಬಿದ್ದರೂ ಬಿಚ್ಚರು. ಎಂಟು ವರ್ಷದವಳಿದ್ದಾಗ ಬಿಸಿಲಲ್ಲಿ ಓಡಿಬಂದು ಚಿಗವ್ವಾ ಮಜ್ಜಿಗಿ ಕೊಡು ಅಂದಿದ್ದಕ್ಕೆ ಬಾಗಿಲಲ್ಲೇ ನಿಲ್ಲಿಸಿದ್ದಳು, ಮೊದಲ ಆರಾಮ ಅದೀಯೇನಂತ ಕೇಳಬೇಕವ್ವಾ, ಬಂದ ಕೂಡಲೇ ಬಾಯಿ ತಗಿಯೂದು ದನದ ಲಕ್ಷಣ — ಕೇಳಿದೆ, ಆಮೇಲೆ ತಂಬಿಗೆ ತುಂಬ ಕೊಟ್ಟಳು, ಎರಡೂ ಕೈಯಲ್ಲಿ ಹಿಡಿದು. ನಲವತ್ತು ವಾಕ್ಯ ಓದಿದೆನಲ್ಲ, ಅದರಲ್ಲಿ ನೀವು ಹೇಗಿದ್ದೀರಿ ಅನ್ನುವುದು ಒಂದೂ ಇಲ್ಲ.

ಮುಂಜಾನೆ ಚಿಗವ್ವನ ಮಗ ಅಮೋಘಸಿದ್ದ ಫೋನು ಮಾಡಿದ್ದ. ಅಕ್ಕಾ, ನಿನ್ನೆ ಕುರಿ ಕುದುರಿಮೆಂತೆ ಹೊಲಾ ಹೊಕ್ಕಿದ್ವು, ಹಸೇದು ತಿಂದು ಹೊಟ್ಟಿ ಉಬ್ಬಿ ಐದು ಹ್ವಾದ್ವು, ಇನ್ನ ನಾಕು ಬಿದ್ದಾವ, ಅವ್ವ ನಿನಗ ಮೂರು ಸಲ ಹಚ್ಚಿದ್ಲಂತ, ನೀ ಆಕೀನ್ನ ಹೆಂಗದೀ ಅಂತ್ಸೈತ ಕೇಳಲಿಲ್ಲಂತ, ಆಕಿ ದೊಡ್ಡಾಕ್ಯಾಗ್ಯಾಳ ಬಿಡು ಅಂದ್ಲು. ಅದು ನಾ ಅಲ್ಲೋ, ಮಷೀನು ಅಂದೆ. ದನಿ ನಿಂದ ಇತ್ತಂತಲ್ಲ ಅಂದ. ಮೂರು ಕರೆಯೂ ಈಗ ನನ್ನ ಮುಂದಿವೆ, ಮೂರೂ ಮಷೀನಿನ ಲೆಕ್ಕದಲ್ಲಿ ಹರಟೆ, ಕೊನೆಯದರಲ್ಲಿ ಹಿಂದೆ ಕುರಿಯೊಂದು ನರಳುತ್ತದೆ, ಚಿಗವ್ವ ಉಸಿರೆಳೆದು ಯವ್ವಾ, ಒಂದ ಮಾತ ಅನ್ನುತ್ತಾಳೆ, ಅಷ್ಟರಲ್ಲಿ ನಾನು ಶುಭದಿನ. ಥೂ. ಏನ್ರಿ ಆರತಿ, ಒಂದ ಕಾಲ್ ಕೇಳಾಕ ಇಪ್ಪತ್ತು ನಿಮಿಷ? ಸರ್ ಬೆನ್ನ ಹಿಂದೆ, ಗುಟಕಾ ವಾಸನೆ ಹೆಗಲ ಮೇಲೆ. ಸರ್, ಇದು ಹರಟೆ ಅಲ್ರಿ, ರೋಗರಿ. ರೋಗಾ ಅಂತ ಅವರು ಅಂದಾರೇನ್ರಿ? ಅಂದಿಲ್ಲಲ್ಲ, ಹರಟೆ ಹಾಕ್ರಿ, ಮುಂದ ನಡೀರಿ, ನಿಮ್ಮ ರೂಲ್ ಅಲ್ರಿ ಅದು? ನನ್ನದೇ, ಹೌದು, ಮಾಡಿದ್ದುಣ್ಣೋ ಮಾರಾಯ. ಹೆಡ್‌ಫೋನು ಕಿತ್ತು ಮೇಜಿನ ಮೇಲೆ ಎಸೆದೆ, ಮೆಟ್ಟಿಲು ಇಳಿದೆ, ಗೋಡೆಯ ಮೂಲೆಯಲ್ಲೆಲ್ಲ ಕೆಂಪು ಉಗುಳು, ಒಣಗಿದ್ದರ ಮೇಲೆ ಹಸಿ, ಅದಕ್ಕಿಂತ ಹೊಲಸು ನಾನು, ಫೋನು ಹಚ್ಚಿದೆ, ರಿಂಗು, ಇನ್ನೊಂದು ರಿಂಗು, ಎತ್ತಿದಳು, ಉಸಿರು, ದೂರದಲ್ಲಿ ಕುರಿ. ಚಿಗವ್ವಾ, ಬಿದ್ದಿದ್ದು ನಾಕು ಎದ್ವೇನು, ಹೊಟ್ಟಿ ಇಳಿದೈತೇನು, ಡಾಕ್ಟರು ಬಂದಿದ್ರೇನು? — ಅಯ್ಯೋ. ಅಂದುಬಿಟ್ಟೆ. ಬಾಯಿಂದ ಹೋಯಿತು. ಮೊದಲು ಅವಳನ್ನು ಕೇಳಬೇಕಿತ್ತು, ಹೆಂಗದೀ ಚಿಗವ್ವಾ, ಉಂಡೀಯೇನು, ಇಷ್ಟೇ, ಇಷ್ಟನ್ನೇ ಕೇಳಬೇಕಿತ್ತು, ಈಗಲೂ ಕೇಳಬಹುದು, ಮೂರೇ ಸೆಕೆಂಡು, ಒಂದು, ನಿಂತಿದ್ದಾಳೆ, ಫೋನು ಬಾಯಿಯ ಮುಂದೆ, ಎರಡು, ಇನ್ನೂ ಕಾಯುತ್ತಿದ್ದಾಳೆ, ಎರಡೂ ಕೈಯಲ್ಲಿ ಹಿಡಿದು, ಎರಡೂ ಕೈಯಲ್ಲಿ —