ಒಂಬತ್ತು ವೋಲ್ಟಿನ ಬ್ಯಾಟರಿ

ರಾಯಬಾಗದ ಬಸ್ ಡಿಪೋದಲ್ಲಿ ಎಲೆಕ್ಟ್ರಿಶಿಯನ್ ಆಗಿದ್ದ ಲಖನ ಕಾಂಬಳೆ ಹದಿನೆಂಟು ವರ್ಷಗಳಿಂದ ಭಾವುಸಾಹೇಬ ಮಾಸ್ತರರ ಗಾಯನ ಪಾರ್ಟಿಯಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ. ಐನಾಪುರದ ಶಾಲೆಯಲ್ಲಿ ಕಲಿಸುವ ಮಾಸ್ತರರು ಕೀಬೋರ್ಡಿಗೆ ಕೂರುತ್ತಿದ್ದರು. ಅರವತ್ತು ದಾಟಿದ ಶೇವಂತಾ ಆಯಿ ಹಾಡುತ್ತಿದ್ದಳು. ಏಪ್ರಿಲ್ ಬಂತೆಂದರೆ ಬಾಬಾಸಾಹೇಬರ ಜಯಂತಿಯ ಕಾರ್ಯಕ್ರಮಗಳು ನಿಪ್ಪಾಣಿಯಿಂದ ಅಥಣಿಯವರೆಗೆ ಸಾಲುಗಟ್ಟಿ ಬರುತ್ತಿದ್ದವು. ಉಳಿದ ತಿಂಗಳುಗಳಲ್ಲಿ ಲಗ್ನ, ತೊಟ್ಟಿಲು.

ಬೇಸ್ ಬಗ್ಗೆ ಲಖನನಿಗೆ ಗಟ್ಟಿಯಾದ ಅಭಿಪ್ರಾಯಗಳಿದ್ದವು. ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. ತಂತಿ ಹಳೆಯದಾದಷ್ಟೂ ದನಿ ಹಣ್ಣಾಗುತ್ತದೆ ಎಂದು ನಂಬಿ ಆರು ವರ್ಷದಿಂದ ಒಂದೂ ತಂತಿ ಬದಲಿಸಿರಲಿಲ್ಲ. ಬೆರಳು ಬಿಟ್ಟು ಪ್ಲಾಸ್ಟಿಕ್ ಚೂರಿನಿಂದ ಮೀಟುವವರನ್ನು ಕಂಡರೆ ಮುಖ ತಿರುಗಿಸುತ್ತಿದ್ದ. ಐದು ತಂತಿಯ ಬೇಸ್ ಎಂದರಂತೂ ನಗುತ್ತಿದ್ದ.

"ನಾಲ್ಕ ಸಂಬಾಳಸಾಕ ಬರದವರು ಐದನೇದ್ದ ಕಟ್ಟತಾರ," ಎನ್ನುತ್ತಿದ್ದ.

ಸಾರಿಕಾಳಿಗೆ ಬೇಸ್ ಕಲಿಸಿದವನೂ ಅವನೇ. ಮೂರು ವರ್ಷದ ಹಿಂದೆ ಆಕೆ ರಾಯಬಾಗದಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಓದುವಾಗ ಒಂದು ಕಾರ್ಯಕ್ರಮ ಮುಗಿದ ಮೇಲೆ ಸ್ಟೇಜಿನ ಹಿಂದೆ ಬಂದು, "ಕಾಕಾ, ನನಗ ಇದನ್ನ ಕಲಸ್ತೀರೇನು?" ಎಂದು ಕೇಳಿದ್ದಳು. ಗಿಟಾರ್ ಕಲಿಸು ಎಂದು ಕೇಳಿದವರು ಹಲವರಿದ್ದರು, ಬೇಸ್ ಕಲಿಸು ಎಂದು ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಲಖನ ಒಂದು ವರ್ಷ, ಪ್ರತಿ ಭಾನುವಾರ ಮಧ್ಯಾಹ್ನ, ಡಿಪೋದ ಕ್ವಾರ್ಟರ್ಸಿನಲ್ಲಿ ಕೂರಿಸಿಕೊಂಡು ಕಲಿಸಿದ. ಅವನ ಹೆಂಡತಿ ಪೂನಮ ಅವರಿಬ್ಬರಿಗೂ ಚುರುಮುರಿ ಮಾಡಿಕೊಡುತ್ತಿದ್ದಳು. "ನನ್ನ ಶಿಷ್ಯೆ" ಎಂದು ಆಗ ಅವನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ.

ಆಮೇಲೆ ಸಾರಿಕಾಳಿಗೆ ನಿಪ್ಪಾಣಿಯ ಒಂದು ಆಸ್ಪತ್ರೆಯಲ್ಲಿ ನೌಕರಿ ಸಿಕ್ಕಿತು. ಹತ್ತು ತಿಂಗಳ ಪಗಾರದಲ್ಲಿ ಉಳಿಸಿ ಆಕೆ ಒಂದು ಬೇಸ್ ತರಿಸಿದಳು. ಐದು ತಂತಿಯದು, ಒಳಗೆ ಬ್ಯಾಟರಿ ಹಾಕದಿದ್ದರೆ ದನಿಯೇ ಹೊರಡದಂಥದು, ಕಡು ಕಂದು ಬಣ್ಣದ್ದು. ಪೆಟ್ಟಿಗೆ ಒಡೆದ ಮರುದಿನವೇ ಅದನ್ನು ಹೆಗಲಿಗೆ ಹಾಕಿಕೊಂಡು ಲಖನನ ಮನೆಗೆ ಬಂದಳು. ಅವನು ಅದನ್ನು ತೊಡೆಯ ಮೇಲಿಟ್ಟುಕೊಂಡು ಎಲ್ಲಕ್ಕಿಂತ ದಪ್ಪನೆಯ ತಂತಿಯನ್ನು ಒಮ್ಮೆ ಮೀಟಿದ. ಹೊಟ್ಟೆಯೊಳಗೆಲ್ಲೋ ಅದು ಕೇಳಿಸಿತು. ತನ್ನ ಗಿಟಾರಿನಲ್ಲಿ ಅಷ್ಟು ಕೆಳಗಿನ ಸ್ವರ ಇಲ್ಲವೇ ಇಲ್ಲ ಎನ್ನುವುದು ಅವನಿಗೆ ಗೊತ್ತಿತ್ತು.

"ಭಾಳ ವಜ್ಜಾ ಐತಿ," ಎಂದು ವಾಪಸು ಕೊಟ್ಟ.

ಅಂದು ಚುರುಮುರಿ ತಿಂದದ್ದೇ ಡಿಪೋದಲ್ಲಿ ಕೆಲಸವಿದೆ ಎಂದು ಎದ್ದುಹೋದ.

ಈ ವರ್ಷ ಜನವರಿಯಲ್ಲಿ ಬಸ್ಸಿನ ಬ್ಯಾಟರಿ ಇಳಿಸುವಾಗ ಲಖನನ ಎಡಗೈಯ ಉಂಗುರ ಬೆರಳು ಜಜ್ಜಿಹೋಯಿತು. ಎರಡು ತಿಂಗಳು ತಂತಿ ಒತ್ತಬಾರದು ಎಂದರು ಡಾಕ್ಟರು. ಭಾವುಸಾಹೇಬರು ಫೋನು ಮಾಡಿ, "ಅಲ್ಲೀತನಕಾ ಸಾರಿಕಾನ್ನ ಕರೀಲೇನಪಾ?" ಎಂದು ಕೇಳಿದರು.

"ಕರೀರಿ ಸರ್. ಆಕಿಗೂ ಸ್ಟೇಜಿನ ರೂಢಿ ಆಗಲಿ," ಎಂದ ಲಖನ. ಹುಡುಗಿ ತಡವರಿಸುತ್ತಾಳೆ, ಜನ 'ಲಖನ ಎಲ್ಲಿ' ಎಂದು ಕೇಳುತ್ತಾರೆ ಎಂದು ಒಳಗೊಳಗೇ ಲೆಕ್ಕ ಹಾಕಿದ್ದ.

ಯಾರೂ ಕೇಳಲಿಲ್ಲ. ಬದಲಿಗೆ ಫೋನಿಗೆ ವಿಡಿಯೋಗಳು ಬರತೊಡಗಿದವು. ಚಿಕ್ಕೋಡಿಯ ಲಗ್ನದ್ದು, ತೆಲಸಂಗದ್ದು. "ನೋಡ್ರಿ, ಸಾರಿಕಾ ಎಷ್ಟ ಚಂದ ಬಾರಿಸ್ಯಾಳ," ಎಂದು ಪೂನಮ ಅವನ ಮುಂದೆಯೇ ಹಿಡಿದಳು. "ಹೂಂ," ಎಂದ. ಫೋನಿನ ಸ್ಪೀಕರಿನಲ್ಲಿ ಬೇಸ್ ಸರಿಯಾಗಿ ಕೇಳುವುದಿಲ್ಲ. ಹೀಗಾಗಿ ಮರುದಿನ ಪೂನಮಳ ಇಯರ್‌ಫೋನ್ ಜೇಬಿಗೆ ಹಾಕಿಕೊಂಡು ಡಿಪೋಗೆ ಹೋದ. ಊಟದ ಹೊತ್ತಿನಲ್ಲಿ ರಿಪೇರಿಗೆ ನಿಂತಿದ್ದ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು ಅದೇ ವಿಡಿಯೋವನ್ನು ಮತ್ತೆ ಮತ್ತೆ ಕೇಳಿದ. ತಪ್ಪು ಹುಡುಕುತ್ತಿದ್ದ. ಎರಡು ಸಿಕ್ಕವು. ಅಂದು ಸಂಜೆ ಅವನಿಗೆ ಊಟ ರುಚಿಸಿತು. ಮುಂದಿನ ವಾರದ ವಿಡಿಯೋದಲ್ಲಿ ಆ ಎರಡೂ ತಪ್ಪು ಇರಲಿಲ್ಲ.

ಮಾರ್ಚ್ ಕೊನೆಗೆ ಬೆರಳು ವಾಸಿಯಾಯಿತು. ಅವನು ಮೋಟರ್‌ಸೈಕಲ್ ಹತ್ತಿ ಐನಾಪುರಕ್ಕೆ ಹೋದ. ಭಾವುಸಾಹೇಬರು ಚಹಾ ತರಿಸಿದರು, ಬೆರಳನ್ನು ಹಿಡಿದು ಬಾಗಿಸಿ ನೋಡಿದರು.

"ಜಯಂತಿ ಹದಿನೈದು ದಿವಸ ಉಳದೈತಿ. ಹಾಡೆಲ್ಲ ಆ ಹುಡುಗಿ ಕೈಗೆ ಹತ್ಯಾವ," ಎಂದರು. "ಈ ಸಲ ಆಕೀನ ಬಾರಸ್ಲಿ. ನೀ ಬಾ, ಮುಂದ ಕೂಡು. ಎಲ್ಲೆರ ತಪ್ಪಿದ್ರ ಹೇಳು. ನಿನ್ನಷ್ಟ ಕಿವಿ ಯಾರಿಗೈತಿ?"

ಅವರು ಪ್ರೀತಿಯಿಂದಲೇ ಹೇಳಿದ್ದರು. ಲಖನ, "ಆತ್ರಿ ಸರ್," ಎಂದು ಚಹಾ ಕುಡಿದು ಎದ್ದ. ಮನೆಗೆ ಬಂದು ಮಾತ್ರ ಪೂನಮಳ ಮುಂದೆ, "ಹುಡುಗಿ ಗಿಟಾರ ಹಿಡದಾಳಂದ್ರ ಮಂದಿ ಕೂಡತೈತಿ. ಮಾಸ್ತರ್ರಿಗೆ ಅದ ಬೇಕಾಗೈತಿ," ಎಂದ.

"ಹುಡುಗಿ ಅಂತ ನೋಡಾಕ ಬರೋ ಮಂದಿ ಒಂದ ಹಾಡಿಗೆ ಎದ್ದ ಹೋಗತೈತಿ," ಎಂದಳು ಪೂನಮ. "ಎರಡ ತಾಸು ಕೂಡಂಗಿಲ್ಲ."

ಮರುದಿನ ಲಖನ ಅವಳು ಕಟ್ಟಿಟ್ಟ ಊಟದ ಡಬ್ಬಿಯನ್ನು ಬಿಟ್ಟೇ ಡಿಪೋಗೆ ಹೋದ.

ದಿಗ್ಗೇವಾಡಿಯ ಜಯಂತಿ ಕಾರ್ಯಕ್ರಮ ಸಂಜೆ ಐದಕ್ಕಿತ್ತು. ಲಖನ ಮೂರೂವರೆಗೇ ಹೋದ. ಯಾವುದಕ್ಕೂ ಇರಲಿ ಎಂದು ತನ್ನ ಗಿಟಾರನ್ನೂ ಬೆನ್ನಿಗೆ ಹಾಕಿಕೊಂಡಿದ್ದ. ಅಂಗಿಯ ಜೇಬಿನಲ್ಲಿ ಕರೆಂಟು ಅಳೆಯುವ ಮಲ್ಟಿಮೀಟರಿನಿಂದ ತೆಗೆದ ಹಳೆಯ ಒಂಬತ್ತು ವೋಲ್ಟಿನ ಬ್ಯಾಟರಿ ಇತ್ತು. ಮುಗಿಯುತ್ತ ಬಂದದ್ದು, ಪೂರ್ತಿ ಸತ್ತಿರಲಿಲ್ಲ. ಅಂಥದ್ದನ್ನೇ ನೋಡಿ ಆರಿಸಿದ್ದ.

ವಾದ್ಯಗಳನ್ನು ಶಾಲೆಯ ಒಂದು ಖೋಲಿಯಲ್ಲಿ ಇಟ್ಟಿದ್ದರು. ಎಲ್ಲರೂ ಹೊರಗೆ ಬೇವಿನ ನೆರಳಲ್ಲಿ ಚಹಾ ಕುಡಿಯುತ್ತಿದ್ದರು. ಲಖನ ಒಳಗೆ ಹೋಗಿ ಸಾರಿಕಾಳ ಬೇಸಿನ ಹಿಂಬದಿಯ ಸಣ್ಣ ಮುಚ್ಚಳ ತೆಗೆದ. ಒಳಗಿದ್ದ ಹೊಸ ಬ್ಯಾಟರಿಯ ಮೇಲೆ ಬಿಳಿ ಪಟ್ಟಿ ಅಂಟಿಸಿ ಅಂದಿನ ತಾರೀಖು ಬರೆದಿದ್ದಳು. ಅದನ್ನು ತೆಗೆದು ಹಳೆಯದನ್ನು ಹಾಕಿ ಮುಚ್ಚಳ ಕೂರಿಸಿದ. ಅರ್ಧ ನಿಮಿಷವೂ ಹಿಡಿಯಲಿಲ್ಲ. ಹೊಸದನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೊರಗೆ ಬಂದ.

ಮೈಕು ಪರೀಕ್ಷೆಯಲ್ಲಿ ಬೇಸ್ ನುಡಿಯಿತು. ಮೊದಲ ಹಾಡಿಗೂ ನುಡಿಯಿತು. ಬಯಲು ತುಂಬ ನೀಲಿ ಬಾವುಟ, ಮುಂದೆ ಹೆಂಗಸರು, ಹಿಂದೆ ಕುಣಿಯುವ ಹುಡುಗರು. ಲಖನ ಎರಡನೆಯ ಸಾಲಿನ ಕುರ್ಚಿಯಲ್ಲಿ ಕಾಯುತ್ತ ಕೂತ. ಎರಡನೆಯ ಹಾಡಿನ ನಡುವೆ ಬೇಸಿನ ದನಿ ಒಡೆದು ಗೊಗ್ಗರಾಯಿತು, ಕುಂದಿತು, ನಿಂತುಹೋಯಿತು.

ಈಗ ಜನ ತಲೆ ಎತ್ತುತ್ತಾರೆ ಎಂದುಕೊಂಡ. ಹಾಡು ತಳವಿಲ್ಲದ ಕೊಡದಂತೆ ಆಗುತ್ತದೆ, ಕುಣಿಯುವವರ ಕಾಲು ತಪ್ಪುತ್ತದೆ ಎಂದು ಹದಿನೆಂಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದ. ಭಾವುಸಾಹೇಬರು ಒಮ್ಮೆ ಸಾರಿಕಾಳತ್ತ ನೋಡಿ ಎಡಗೈಯನ್ನು ಕೀಬೋರ್ಡಿನ ಕೆಳಸ್ವರಗಳಿಗೆ ಸರಿಸಿದರು. ಹುಡುಗರು ಕುಣಿಯುತ್ತಲೇ ಇದ್ದರು. ಲಖನನ ಪಕ್ಕದಲ್ಲಿ ಕೂತವನು ಅದೇ ಹಾಡಿಗೆ ತೊಡೆ ತಟ್ಟುತ್ತಲೇ ಇದ್ದ.

ಲಖನ ಅವನ ಕೈಯನ್ನೇ ನೋಡಿದ. ತಾಳ ಒಂದೂ ತಪ್ಪಲಿಲ್ಲ. ಹಾಗಾದರೆ ಇಷ್ಟು ವರ್ಷ ತಾನು ಅಲ್ಲಿ ನಿಂತು ನುಡಿಸಿದ್ದನ್ನು ಕೇಳಿದವರು ಯಾರು? ಸಾರಿಕಾಳಿಗಾಗಿ ತೋಡಿದ ಗುಂಡಿಯಲ್ಲಿ ತಾನೇ ಬಿದ್ದಂತಾಯಿತು.

ಒಬ್ಬಳಿಗೆ ಮಾತ್ರ ವ್ಯತ್ಯಾಸವಾಗಿತ್ತು. ಶೇವಂತಾ ಆಯಿ ಹಾಡುತ್ತಲೇ ಹಿಂದೆ ತಿರುಗಿ ನೋಡಿದಳು. ಮುಂದಿನ ಸಾಲನ್ನು ಒಂದು ಸ್ವರ ಮೇಲೆ ಹಿಡಿದಳು, ಸರಿಪಡಿಸಿಕೊಂಡಳು, ಮತ್ತೆ ಜಾರಿದಳು. ಸಾರಿಕಾ ವಾಯರು ಬದಲಿಸಿ ನೋಡಿ, ಗಿಟಾರನ್ನು ಗೋಡೆಗೆ ಒರಗಿಸಿ, ಆಯಿಯ ಪಕ್ಕ ನಿಂತು ತಗ್ಗಿದ ದನಿಯಲ್ಲಿ ಸುರ ಕೊಡತೊಡಗಿದಳು. ಹಾಡು ಮುಗಿದದ್ದೇ ಸ್ಟೇಜು ಇಳಿದು ನೇರ ಲಖನನ ಬಳಿ ಬಂದಳು.

"ಕಾಕಾ, ನಂದು ಬಂದ್ ಬಿತ್ತು. ನಿಮ್ಮದು ತಂದೀರಲ್ಲ, ಬರ್ರಿ. ಆಯಿಗೆ ಸುರ ಹತ್ತವಲ್ದು."

ಅವನು ಎದ್ದು ಹೋದ. ಆಕೆಯೇ ಅವನ ಗಿಟಾರಿಗೆ ವಾಯರು ಸಿಕ್ಕಿಸಿದಳು, ನೀರಿನ ಬಾಟಲಿ ತಂದು ಕಾಲ ಬಳಿ ಇಟ್ಟಳು. ಲಖನ ಕೊನೆಯ ತನಕ ನುಡಿಸಿದ. ಮೂರು ತಿಂಗಳಿಂದ ಹಂಬಲಿಸಿದ ಜಾಗ ಅದು. ಬಯಲಿನತ್ತ ತಲೆ ಎತ್ತಲೂ ಅವನಿಗಾಗಲಿಲ್ಲ.

ಮರುದಿನ ಬೆಳಿಗ್ಗೆ ಪೂನಮ ಒಗೆಯಲು ಅಂಗಿ ತೆಗೆದುಕೊಂಡಳು. ಜೇಬಿನಲ್ಲಿ ಬ್ಯಾಟರಿ ಸಿಕ್ಕಿತು. ಮೇಲಿನ ಬಿಳಿ ಪಟ್ಟಿಯ ಅಕ್ಷರ ಅವಳಿಗೆ ಗುರುತಿತ್ತು. ಪಾಠಕ್ಕೆ ಬರುತ್ತಿದ್ದಾಗ ಸಾರಿಕಾ ಸ್ವರ ಬರೆದುಕೊಂಡ ವಹಿಯನ್ನು ಈ ಮನೆಯಲ್ಲೇ ಬಿಟ್ಟುಹೋಗುತ್ತಿದ್ದಳು.

"ಇದ ನಿಮ್ಮ ಕಿಸೆದಾಗ ಯಾಕ ಬಂತು?"

ಲಖನ ಸುಳ್ಳು ಹೇಳಲು ಬಾಯಿ ತೆರೆದ, ಆಗಲಿಲ್ಲ. ನಡೆದದ್ದನ್ನು ಹೇಳಿದ. ಪೂನಮ ಬ್ಯಾಟರಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ನೀರಿನ ಬಕೆಟ್ ಎತ್ತಿಕೊಂಡಳು.

"ನನಗ ಹೇಳಿ ಏನ ಉಪಯೋಗ? ಆ ಹುಡುಗಿಗೆ ಹೇಳ್ರಿ," ಎಂದಷ್ಟೇ ಹೇಳಿದಳು.

ಮೂರು ದಿನ ಕಳೆದ ಮೇಲೆ ಅವನು ರಜೆ ಹಾಕಿ ನಿಪ್ಪಾಣಿಯ ಬಸ್ಸು ಹತ್ತಿದ. ಆಸ್ಪತ್ರೆಯ ಎದುರಿನ ಚಹಾದಂಗಡಿಯಲ್ಲಿ ಕೂತು ಫೋನು ಮಾಡಿದ. ಸಾರಿಕಾ ಬಿಳಿ ಕೋಟಿನಲ್ಲೇ ಇಳಿದು ಬಂದಳು. ಅವನು ಬ್ಯಾಟರಿಯನ್ನು ಮೇಜಿನ ಮೇಲಿಟ್ಟ.

ಸಾರಿಕಾ ಅದನ್ನು ಮುಟ್ಟಲಿಲ್ಲ. "ಗೊತ್ತೈತಿ ಕಾಕಾ," ಎಂದಳು. "ಅವತ್ತ ಮನಿಗೆ ಹೋಗಿ ಮುಚ್ಚಳ ತಗದ ನೋಡಿದ್ನಿ. ಒಳಗಿದ್ದದ್ದು ನನ್ನ ಬ್ಯಾಟರಿ ಅಲ್ಲ. ಅಂಥಾದ್ದು ನಿಮ್ಮ ಮೀಟರಿನ್ಯಾಗ ನೋಡಿದ್ನಿ."

"ಮಾಸ್ತರ್ರಿಗೆ ಯಾಕ ಹೇಳ್ಲಿಲ್ಲ?"

"ಹೇಳಬೇಕಂತ ಎರಡ ಸಲ ಫೋನ್ ಹಚ್ಚಿದ್ನಿ. ಹೆಂಗ ಹೇಳೋದಂತ ತಿಳೀಲಿಲ್ಲ. ನನಗ ಬೇಸ್ ಹಿಡ್ಯಾಕ ಕಲಿಸಿದವರು ನೀವು." ಆಕೆಯ ದನಿ ಏರಲಿಲ್ಲ. "ಅವತ್ತ ನಾನ ಏನೋ ತಪ್ಪ ಮಾಡಿದ್ನಿ ಅನಕೊಂಡ ಮಂದಿ ಮುಂದ ನಿಂತಿದ್ನಿ. ನೀವು ಕುಂತ ನೋಡಾಕತ್ತಿದ್ರಿ."

"ನನಗ ಹೊಟ್ಟಿಕಿಚ್ಚ ಆಗಿತ್ತವ್ವಾ," ಎಂದ ಲಖನ. ಆ ಶಬ್ದವನ್ನು ತನ್ನ ಬಗ್ಗೆ ಅವನು ಹಿಂದೆಂದೂ ಬಳಸಿರಲಿಲ್ಲ.

"ಅದೂ ಗೊತ್ತೈತಿ. ಗಿಟಾರ ತೊಡಿ ಮ್ಯಾಲ ಇಟ್ಟಕೊಂಡ ದಿವಸನ ಗೊತ್ತಾತು." ಆಕೆ ಎದ್ದಳು. "ಇನ್ನ ಸ್ವಲ್ಪ ದಿವಸ ನಾ ನಿಮ್ಮ ಮನಿಗೆ ಬರಂಗಿಲ್ಲ. ಪೂನಮ ಕಾಕೂಗ ಹೇಳ್ರಿ, ಸಿಟ್ಟ ಆಗಬ್ಯಾಡಂತ."

ಲಖನ ಅಲ್ಲಿಂದಲೇ ಭಾವುಸಾಹೇಬರಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದ. "ಈ ಸೀಸನ್ ಮುಗಿಯೂತನಕ ನೀ ಬರಬ್ಯಾಡ," ಎಂದು ಫೋನಿಟ್ಟರು.

ಮೇ ತಿಂಗಳಲ್ಲಿ ಅಥಣಿಯಲ್ಲಿ ಪಾರ್ಟಿಗೆ ಒಂದು ಲಗ್ನದ ಕಾರ್ಯಕ್ರಮ. ಪಾರ್ಟಿಯವನಾಗಿ ಅಲ್ಲ, ಪೂನಮಳ ಕಡೆಯ ನೆಂಟನಾಗಿ ಲಖನ ಅಲ್ಲಿಗೆ ಹೋಗಬೇಕಾಯಿತು. ಲಗ್ನ ನಡೆದ ಮಂಗಲ ಕಾರ್ಯಾಲಯದ ಕಂಬದ ಮರೆಯಲ್ಲಿ ನಿಂತು ಕೇಳಿದ. ಸಾರಿಕಾ ಇನ್ನೂ ಚೆನ್ನಾಗಿ ನುಡಿಸುತ್ತಿದ್ದಳು. ಹೊಟ್ಟೆಕಿಚ್ಚು ಹೋಗಿರುತ್ತದೆ ಎಂದುಕೊಂಡು ಬಂದಿದ್ದ. ಅದು ಹೋಗಿರಲಿಲ್ಲ, ಮೊದಲಿನ ಜಾಗದಲ್ಲೇ ಉರಿಯುತ್ತಿತ್ತು.

ಶೇವಂತಾ ಆಯಿ ತಾನು ಮದುವೆಗಳಲ್ಲಿ ಯಾವಾಗಲೂ ಹಾಡುವ ನಿಧಾನದ ಹಾಡೊಂದನ್ನು ಎತ್ತಿಕೊಂಡಳು. ಲಖನ ಅದಕ್ಕೆ ಇನ್ನೂರು ಸಲವಾದರೂ ನುಡಿಸಿದ್ದ. ಸಾರಿಕಾ ಎರಡನೆಯ ಸಾಲಿನ ಮೊದಲ ಪೆಟ್ಟನ್ನು ಪ್ರತಿ ಸಲವೂ ಬಿಟ್ಟುಬಿಡುತ್ತಿದ್ದಳು. ಅಲ್ಲಿ ಬೇಸ್ ಇರಲೇಬೇಕು. ತಪ್ಪು ಎಂದುಕೊಂಡ. ಆದರೆ ಹಾಡು ಎಲ್ಲಿಯೂ ಕುಸಿಯುತ್ತಿರಲಿಲ್ಲ, ಬದಲಿಗೆ ಬಿಡುವಾದಂತೆ ಅನ್ನಿಸುತ್ತಿತ್ತು. ಯಾಕೆಂದು ಅವನಿಗೆ ತಿಳಿಯಲಿಲ್ಲ.

ಊಟದ ಹೊತ್ತಿಗೆ ಸಾರಿಕಾ ಒಬ್ಬಳೇ ಗಿಟಾರ್ ಒರೆಸುತ್ತ ಕೂತಿದ್ದಳು. ಅವನು ಎರಡು ಮಾರು ದೂರದಲ್ಲಿ ನಿಂತ.

"ಒಂದ ಕೇಳ್ಲೇನು? ಬ್ಯಾರೆ ಏನಲ್ಲ, ಬಾರಸೋದ್ರ ಬಗ್ಗೆ."

ಆಕೆ ತಲೆ ಎತ್ತಿ ನೋಡಿದಳು. ಒರೆಸುವ ಬಟ್ಟೆಯನ್ನು ಮಡಚಿಟ್ಟಳು.

"ಆ ಸಾವಕಾಶ ಹಾಡಿನ್ಯಾಗ ಎರಡನೇ ಸಾಲಿಗೆ ಮೊದಲನೇ ಪೆಟ್ಟ ಯಾಕ ಬಿಡ್ತಿ?"

"ಆಯಿಗೆ ಈಗೀಗ ಉಸರ ಸಾಲಂಗಿಲ್ಲ. ಅಲ್ಲಿ ಒಂದ ಸಲ ಉಸರ ತಗೋತಾಳ," ಎಂದಳು ಸಾರಿಕಾ. "ನಾ ಪೆಟ್ಟ ಹೊಡದ್ರ ಆಕಿ ತಡಾ ಮಾಡಿದಂಗ ಕೇಳತೈತಿ. ಬಿಟ್ರ ಇಬ್ಬರೂ ಕೂಡಿ ನಿಂತಂಗ ಕೇಳತೈತಿ."

"ಯಾವಾಗಿಂದ ಸಾಲಂಗಿಲ್ಲ?"

"ಎರಡ ವರ್ಷ ಆತಂತ. ಆಯಿನ ಹೇಳಿದ್ಲು."

ಆ ಎರಡು ವರ್ಷದಲ್ಲಿ ಬೆರಳು ಜಜ್ಜಿಹೋಗುವವರೆಗೂ ಅವನು ಆಯಿಯ ಬಲಗಡೆ, ಎರಡು ಅಡಿ ದೂರದಲ್ಲಿ ನಿಂತು ಆ ಪೆಟ್ಟನ್ನು ತಪ್ಪದೆ ಹೊಡೆದಿದ್ದ.

ಕಾರ್ಯಾಲಯದ ಒಳಗಿನಿಂದ ಭಾವುಸಾಹೇಬರು ಸಾರಿಕಾಳನ್ನು ಕರೆದರು. ಆಕೆ ಗಿಟಾರನ್ನು ಹೆಗಲಿಗೇರಿಸಿಕೊಂಡಳು.

"ಮಧ್ಯಾಹ್ನಾನೂ ಅದ ಹಾಡ ಐತಿ," ಎಂದು ಹೋಗುತ್ತ ಹೇಳಿದಳು. "ಕಂಬದ ಹಿಂದ ನಿಂದ್ರಬ್ಯಾಡ್ರಿ ಕಾಕಾ, ಅಲ್ಲಿ ಬೇಸ್ ಸರಿ ಕೇಳಂಗಿಲ್ಲ. ಮುಂದ ಬರ್ರಿ."

ಲಖನ ಪೂನಮಳನ್ನು ಹುಡುಕಿಕೊಂಡು ಹೋಗಿ, ಬಸ್ಸು ತಪ್ಪಿದರೆ ತಪ್ಪಲಿ, ಮಧ್ಯಾಹ್ನದ ಹಾಡು ಮುಗಿಸಿಯೇ ಹೊರಡೋಣ ಎಂದು ಹೇಳಿದ.