ಎರಡು ಪಾಟಾ ಹೆಚ್ಚಿಗೆ

ಭಾನುವಾರ ಸಂಜೆ ಜೀಪು ಭಾಲ್ಕಿಯಿಂದ ಔರಾದಕ್ಕೆ ಮರಳಿದಾಗ ಅದರ ಹಿಂಭಾಗ ಮುಂಭಾಗಕ್ಕಿಂತ ಎತ್ತರವಾಗಿತ್ತು. ಪ್ರಭಾಕರ ಇಳಿದು ಒಂದು ಸುತ್ತು ಹಾಕಿ, ಹಿಂದಿನ ಮಡ್‌ಗಾರ್ಡ್ ಮೇಲೆ ಕೈ ಬಡಿದ.

"ನೋಡು, ಹ್ಯಾಂಗ ನಿಂತಾದ. ಹೊಸಾ ಗಾಡಿ ನಿಂತಂಗ."

ಹೆಂಡತಿ ಪ್ರಮಿಲಾ ಹೊಲಿಗೆ ಯಂತ್ರ ಬಿಟ್ಟು ಎದ್ದು ಬಂದಳು. ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುವುದು ಅವಳ ಕೆಲಸ. ಅಳತೆಯ ಟೇಪು ಕೊರಳಲ್ಲೇ ಇತ್ತು. ಗಾಲಿಯ ನಟ್ಟನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿದಳು. ಇಪ್ಪತ್ತೆರಡು ಇಂಚು. ಆಚೆ ಕಡೆಯೂ ಅಷ್ಟೇ.

"ನಾ ಹದಿನೆಂಟು ಹೇಳಿದ್ದೆರಿ."

"ಹದಿನೆಂಟಕ್ಕಿಂತ ಇಪ್ಪತ್ತೆರಡು ಚಲೋ ಅಲ್ಲೇನು?"

"ಹದಿನೆಂಟರ ಅಳತಿ ಕೊಟ್ಟವರಿಗೆ ಇಪ್ಪತ್ತೆರಡರದು ಹೊಲಿದು, ಚಲೋ ಅದ ಹಾಕ್ಕೋರಿ ಅನ್ಲೇನು ನಾನು?"

ಹದಿನೆಂಟು ಅವಳು ಊಹಿಸಿ ಹೇಳಿದ ಸಂಖ್ಯೆಯಾಗಿರಲಿಲ್ಲ. ಇದೇ ಮಾದರಿಯ, ಎಂದೂ ಭಾರ ಹೇರದ ಒಂದು ಜೀಪು ಓಣಿಯ ನಿವೃತ್ತ ಮಾಸ್ತರರ ಮನೆಯಲ್ಲಿತ್ತು. ಅವರನ್ನು ಕೇಳಿ, ಅದನ್ನು ಅಳೆದು ಬಂದಿದ್ದಳು. ತಮ್ಮ ಜೀಪು ಹದಿನಾಲ್ಕಕ್ಕೆ ಇಳಿದಿತ್ತು. ಪ್ರಭಾಕರನದು ಬೀಜ, ಗೊಬ್ಬರದ ಅಂಗಡಿ. ವರ್ಷಗಟ್ಟಲೆ ಚೀಲ ಹೊತ್ತು ಹಿಂದಿನ ಕಮಾನ್ ಪಾಟಾಗಳು ಚಪ್ಪಟೆಯಾಗಿದ್ದವು. ಬಿಲ್ಲಿನಂತೆ ಬಾಗಿರಬೇಕಾದ ಉಕ್ಕಿನ ಪಟ್ಟಿಗಳು ಅಡ್ಡ ಹಲಗೆಯಂತೆ ನೆಟ್ಟಗಾಗಿ, ಪ್ರತಿ ಗುಂಡಿಗೂ ಚಾಸಿ ಕೆಳಗಿನ ರಬ್ಬರಿಗೆ ಬಡಿಯುತ್ತಿತ್ತು.

ಆ ಏಟು ನೇರವಾಗಿ ಬೀಳುತ್ತಿದ್ದುದು ಹಿಂದೆ ಕೂರುವ ಶಾಲುಬಾಯಿಯ ಬೆನ್ನಿಗೆ. ಶಾಲುಬಾಯಿ ಪ್ರಭಾಕರನ ತಾಯಿ. ಎರಡೂ ಮೂತ್ರಪಿಂಡ ಕೈಕೊಟ್ಟಿದ್ದರಿಂದ ಸೋಮವಾರ, ಬುಧವಾರ, ಶುಕ್ರವಾರ ಬೀದರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಒಂದು ಸರದಿ ತಪ್ಪಿದರೂ ಕಾಲು ಬಾತು ಉಸಿರು ಕಟ್ಟುತ್ತದೆ. ಅವರ ಕಾಯಿಲೆ ಶುರುವಾದ ಮೇಲೆ ಚೀಲಗಳಿಗೆ ಬೇರೆ ಟೆಂಪೊ ಗೊತ್ತು ಮಾಡಿ, ಜೀಪನ್ನು ಅವರಿಗೇ ಮೀಸಲಿಟ್ಟಿದ್ದರು.

"ಹಬೀಬಭಾಯಿಗೆ ನೀವು ಏನಂತ ಹೇಳಿದ್ರಿ?" ಎಂದು ಪ್ರಮಿಲಾ ಕೇಳಿದಳು. ಪಾಟಾ ಸರಿಮಾಡಿಸಲು ಜೀಪು ಒಯ್ದದ್ದು ಭಾಲ್ಕಿಯ ಹಬೀಬನ ಅಂಗಡಿಗೆ.

"ಲೋಡ್ ಇಲ್ಲ, ನಮ್ಮ ಆಯಿ ಒಬ್ಬಾಕಿ ಕುಂದರ್ತಾಳ ಅಂತ ಹೇಳೀನಿ. ಅವ ನಕ್ಕ."

"ನಕ್ಕಿದ್ದು ಯಾಕ ಅಂತ ಕೇಳಲಿಲ್ಲೇನು?"

"ನಗೋ ಮನುಷ್ಯಾಗ ಯಾಕ ನಗ್ತಿ ಅಂತ ಕೇಳಬೇಕೇನು?"

ಸೋಮವಾರ ಬೆಳಿಗ್ಗೆ ಶಾಲುಬಾಯಿ ಸ್ಟೂಲಿನ ಮೇಲೆ ಕಾಲಿಟ್ಟು, ಮಗ ಹಿಂದಿನಿಂದ ತಳ್ಳಿ, ಸೊಸೆ ಮುಂದಿನಿಂದ ಎಳೆದು ಜೀಪು ಹತ್ತಿದರು. ಊರು ದಾಟುವ ಮೊದಲೇ ಅಸಲು ತೊಂದರೆ ಗೊತ್ತಾಯಿತು. ಪಾಟಾ ಈಗ ಬಾಗುತ್ತಲೇ ಇರಲಿಲ್ಲ. ಮೊದಲು ಗುಂಡಿಗೆ ಮಾತ್ರ ಏಟು ಬೀಳುತ್ತಿತ್ತು; ಈಗ ಡಾಂಬರಿನ ಪ್ರತಿ ತೇಪೆಗೂ ಜೀಪಿನ ಹಿಂಭಾಗ ಪುಟಿಯುತ್ತಿತ್ತು. ಹೋಗುವಾಗ ಶಾಲುಬಾಯಿ ಹಲ್ಲು ಕಚ್ಚಿ ಕುಳಿತರು. ಡಯಾಲಿಸಿಸ್ ಮುಗಿದು, ರಕ್ತದೊತ್ತಡ ಇಳಿದು, ಮರಳುವಾಗ ಮಾಂಜ್ರಾ ಸೇತುವೆ ದಾಟಿದ್ದೇ ವಾಂತಿ ಮಾಡಿಕೊಂಡರು. ಸಂತಪೂರದಲ್ಲಿ ನಿಲ್ಲಿಸಲು ಹೇಳಿ, ಇಳಿದು, ಒಂದು ಚಹಾ ಅಂಗಡಿಯ ಬೆಂಚಿನ ಮೇಲೆ ಕುಳಿತುಬಿಟ್ಟರು.

"ಇದರಾಗ ನಾ ಇನ್ನ ಹತ್ತಂಗಿಲ್ಲ."

"ಆಯಿ, ಮನಿ ಇನ್ನೇನು ಬಂದಂಗೇ ಅದ," ಎಂದ ಪ್ರಭಾಕರ.

"ಮನಿಗೆ ಬಸ್ಸಿನಾಗ ಬರ್ತೇನಿ. ದವಾಖಾನಿಗಿ ಬರಂಗಿಲ್ಲ. ಸಾಯೋದಿದ್ದರ ಮನ್ಯಾಗ ಸಾಯ್ತೇನಿ, ರಸ್ತಾದಾಗ ಕುಟ್ಟಿಸಿಕೊಂಡು ಯಾಕ ಸಾಯಬೇಕು?"

ಅವರು ಹೇಳಿದ್ದನ್ನು ಮಾಡುವವರು. ಬೀದರಿನವರೆಗಿನ ಬಸ್ಸು ಅವರಿಂದ ಆಗದು, ದಿನ ಬಿಟ್ಟು ದಿನ ಬಾಡಿಗೆ ಕಾರು ಔರಾದದಲ್ಲಿ ಸಿಗದು. ಬುಧವಾರದೊಳಗೆ ಜೀಪು ಸರಿಯಾಗದಿದ್ದರೆ ಸರದಿ ತಪ್ಪುವುದು ಖಾತ್ರಿ.

ಮಂಗಳವಾರ ಬೆಳಿಗ್ಗೆ ಪ್ರಮಿಲಾ ಹೊರಗೆ ಬಂದಾಗ ಪ್ರಭಾಕರ ಜೀಪಿನೊಳಗೆ ಚೀಲ ತುಂಬುತ್ತಿದ್ದ. ಹಿಂದಿನ ಸೀಟಿನ ಕಾಲ ಬಳಿ, ಅದರ ಹಿಂದೆ, ಎಲ್ಲ ಕಡೆ ಗೊಬ್ಬರದ ಖಾಲಿ ಚೀಲದಲ್ಲಿ ಕಟ್ಟಿದ ಕೆಂಪು ಕಲ್ಲಿನ ತುಂಡುಗಳು.

"ಹಬೀಬಭಾಯಿಗೆ ಫೋನ್ ಮಾಡಿದ್ದೆ. ಎರಡು ಪಾಟಾ ಹೆಚ್ಚಿಗಿ ಹಾಕೀನಿ, ಲೋಡ್ ಹಾಕ್ರಿ, ತಾನೇ ಕೂಡ್ತದ ಅಂದ. ನೋಡು, ಕೂತದ."

ಜೀಪು ನಿಜಕ್ಕೂ ಕೆಳಗಿಳಿದಿತ್ತು. ಪ್ರಮಿಲಾ ಅಳೆದಳು. ಹತ್ತೊಂಬತ್ತು.

"ಕೆಳಗ ಕೂತದ ಅಂತ ಎತ್ತಿಸ್ಲಿಕ್ಕೆ ಹೋದ್ರಿ. ಎತ್ತರಾತು ಅಂತ ಈಗ ಕಲ್ಲು ಹೇರ್ತೀರಿ. ಈ ಕಲ್ಲು ಹೊತ್ತು ನಾಳೆ ಪಾಟಾ ಮತ್ತ ಚಪ್ಪಟಿ ಆಗ್ತಾವ. ಆಗ ಮತ್ತೆರಡು ಪಾಟಾ ಹಾಕಸ್ತೀರೇನು?"

ಶಾಲುಬಾಯಿ ಹೊಸ್ತಿಲಲ್ಲಿ ಕುಳಿತು ಎಲ್ಲ ನೋಡುತ್ತಿದ್ದರು. "ಕಲ್ಲಿಗಿ ಜಾಗಾ ಮಾಡ್ಯಾನ. ನಾ ಕಾಲು ಎಲ್ಲಿ ಚಾಚಲಿ, ಅದನ್ನೂ ಭಾಲ್ಕಿಗಿ ಫೋನ್ ಮಾಡಿ ಕೇಳು."

ಪ್ರಭಾಕರ ಚೀಲಗಳನ್ನು ಒಂದೊಂದಾಗಿ ಇಳಿಸಿದ. ಅತ್ತೆಯ ಬಳಿ ಕೂರಲು ಪಕ್ಕದ ಮನೆಯವರಿಗೆ ಹೇಳಿ, ಪ್ರಮಿಲಾ ತಾನೇ ಅವನ ಜೊತೆ ಭಾಲ್ಕಿಗೆ ಹೊರಟಳು.

ಹಬೀಬನ ಕಮಾನ್ ಅಂಗಡಿಯ ಮುಂದೆ ಸೋಯಾ ಹೊರುವ ಎರಡು ಟೆಂಪೊ ನಿಂತಿದ್ದವು. ಐವತ್ತು ದಾಟಿದ ಹಬೀಬ ಮಾತಿಗೆ ಮೊದಲು ನಗುವ ಮನುಷ್ಯ. "ಎರಡೆರಡು ಪಾಟಾ ಹೆಚ್ಚಿಗಿ ಹಾಕೀನಿ ಭಾಭಿ. ಪ್ರಭಾಕರ ರಾವಸಾಹೇಬರು ಹಳೇ ಗಿರಾಕಿ ಅಂತ. ಇನ್ನ ಇಪ್ಪತ್ತು ಚೀಲಾ ಹಾಕ್ರಿ, ಹಂದಂಗಿಲ್ಲ."

"ನಮಗ ಹಂದೋದು, ಬಾಗೋದೇ ಬೇಕಾಗ್ಯಾದ. ಹೆಚ್ಚಿಗಿ ಹಾಕಿದ್ದು ತೆಗೀರಿ. ಹಳೇ ಪಾಟಾಗಳನ್ನೇ ಬಾಗಿಸಿ ಹದಿನೆಂಟು ಇಂಚಿಗೆ ತರ್ರಿ. ಲೋಡ್ ಇಲ್ಲ ಅಂತ ಇವರು ಹೇಳಿದ್ರಲ್ಲ?"

"ಹೇಳ್ಯಾರ. ಎಲ್ಲಾರೂ ಹಂಗೇ ಹೇಳ್ತಾರ," ಎಂದು ಹಬೀಬ ಟೆಂಪೊಗಳ ಕಡೆ ಕೈ ತೋರಿಸಿದ. "ಅವನೂ ಲೋಡ್ ಇಲ್ಲ ಅಂದ, ಇವನೂ ಇಲ್ಲ ಅಂದ. ಓವರ್‌ಲೋಡ್ ಅಂತ ಬಾಯಿಬಿಟ್ಟು ಯಾರು ಹೇಳ್ತಾರ್ರಿ? ಅವರು ಇಲ್ಲ ಅಂದಷ್ಟೂ ನಾವು ಒಂದು ಪಾಟಾ ಜಾಸ್ತಿ ಹಾಕ್ತೇವಿ. ಇಲ್ಲಾಂದ್ರ ತಿಂಗಳಿಗಿ ಮುರಕೊಂಡು ಬಂದು ನನ್ನ ಮ್ಯಾಲೇ ಬೈತಾರ. ಸಚ್ ಹೇಳ್ರಿ, ಎಷ್ಟು ಚೀಲಾ?"

"ಚೀಲಾ ಇಲ್ಲ. ನಮ್ಮ ಅತ್ತಿ."

"ಹೌದ್ರಿ. ಅತ್ತಿ ಜೊತಿ ಎಷ್ಟು ಚೀಲಾ?"

ಪ್ರಭಾಕರ ನಗಲು ಹೋಗಿ, ಹೆಂಡತಿಯ ಮುಖ ನೋಡಿ ಟೆಂಪೊಗಳ ಕಡೆ ತಿರುಗಿದ. ಪ್ರಮಿಲಾ ಟೇಪನ್ನು ಕೊರಳಿಂದ ತೆಗೆದು ಕೈಗೆ ಸುತ್ತಿಕೊಂಡಳು.

"ಹೋಗೋವಾಗ ನಲವತ್ತೈದು ಕಿಲೋ. ಬರೋವಾಗ ನಲವತ್ತೆರಡು. ಅಷ್ಟೇ ಲೋಡ್."

ಹಬೀಬನ ನಗು ನಿಂತಿತು. "ಇದ್ಯಾವ ಹಿಸಾಬು? ಹೋಗೋವಾಗ ಒಂದು, ಬರೋವಾಗ ಒಂದು?"

"ಡಯಾಲಿಸಿಸ್ ಹಿಸಾಬು. ಮೈಯಾಗ ನಿಂತ ನೀರು ತೆಗೀತಾರ. ಮಶೀನ್ ಹಚ್ಚೋ ಮೊದಲ ತೂಗ್ತಾರ, ಬಿಚ್ಚಿದ ಮ್ಯಾಲೆ ತೂಗ್ತಾರ. ನಿಮ್ಮ ಎರಡು ಪಾಟಾ ಕುಣಿಸಿದ್ದಕ್ಕ ಅತ್ತಿ ನಿನ್ನಿ ಸಂತಪೂರದಾಗ ಇಳಿದು ಕೂತ್ರು. ನಾಳೆ ಬರಂಗಿಲ್ಲ ಅಂತಾರ."

ಹಬೀಬ ಬಗ್ಗಿ ಜೀಪಿನ ಹಿಂದಿನ ಪಾಟಾ ನೋಡಿದ. ಬಳಿಕ ಪ್ರಭಾಕರನ ಕಡೆ ತಿರುಗಿದ. "ಇದನ್ನ ಮೊದಲೇ ಹೇಳಬಾರದೇನ್ರಿ ರಾವಸಾಹೇಬ?"

"ಹೇಳಿದ್ದೆನಲ್ಲೋ ಮಾರಾಯಾ."

"ಹೇಳಿದ್ರಿ. ತೂಕಾ ಹೇಳಲಿಲ್ಲ."

ಜೀಪನ್ನು ಜ್ಯಾಕಿನ ಮೇಲೆತ್ತಿ ಎರಡೂ ಕಡೆಯ ಪಾಟಾಗಳ ಕಟ್ಟು ಬಿಚ್ಚಿದರು. ಹೆಚ್ಚಿನ ಪಾಟಾಗಳು ಮೂಲೆ ಸೇರಿದವು. ಹಬೀಬ ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಬಾಗು ಎಳೆದು, ಹಳೆಯ ಪಾಟಾಗಳನ್ನು ಒಂದೊಂದಾಗಿ ಸುತ್ತಿಗೆಯಿಂದ ಬಡಿದು ಬಾಗಿಸಿ ಅದರ ಮೇಲಿಟ್ಟು ನೋಡಿದ. ಮಧ್ಯಾಹ್ನದವರೆಗೆ ಬಡಿತ ನಡೆಯಿತು. ಪ್ರಮಿಲಾಳ ತಲೆ ಸಿಡಿಯತೊಡಗಿತ್ತು. ನಡುವೆ ಹಬೀಬ ಎದ್ದು, ಒಂದೇ ಒಂದು ಪಾಟಾ ಉಳಿಸೋಣವೇ, ಮುಂದೆ ಬೇಕಾದೀತು ಎಂದು ಕೇಳಿದ. ಅವಳು ಬೇಡವೆಂದಳು. ಅರ್ಧ ಗಂಟೆ ಬಿಟ್ಟು ಅದನ್ನೇ ಪ್ರಭಾಕರನಿಗೆ ಕೇಳಿದ. ಅವನಿಗಿಂತ ಮೊದಲೇ ಅವಳು ಬೇಡವೆಂದಳು.

ಪಾಟಾದ ತುದಿಯ ರಬ್ಬರ್ ಬುಷ್‌ಗಳ ಬೋಲ್ಟನ್ನು ಗಾಲಿ ನೆಲಕ್ಕೂರಿ, ಭಾರ ಬಿದ್ದ ಮೇಲೆಯೇ ಬಿಗಿಯಬೇಕು. ಎತ್ತಿದಾಗಲೇ ಬಿಗಿದರೆ ರಬ್ಬರು ತಿರುಚಿಕೊಂಡು ಜೀಪು ಮತ್ತೆ ಎತ್ತರಕ್ಕೇ ನಿಲ್ಲುತ್ತದೆ. ಹಬೀಬ ಅಂಗಡಿಯಲ್ಲಿ ಬಿದ್ದಿದ್ದ ಮುರುಕು ಪಾಟಾ ತುಂಡುಗಳನ್ನು ಪಕ್ಕದ ಗುಜರಿ ಅಂಗಡಿಗೆ ಒಯ್ದು, ತೂಗಿ ತಂದು, ಹಿಂದಿನ ಸೀಟಿನ ಮೇಲೆ ಗೋಣಿ ಹಾಸಿ ಜೋಡಿಸಿದ.

"ನಲವತ್ತೈದು. ಆಯಿ ಹೋಗೋವಾಗಿನ ತೂಕಾ," ಎಂದು ಜೀಪಿನ ಕೆಳಗೆ ತೂರಿ ಬೋಲ್ಟು ಬಿಗಿದ.

ಪ್ರಮಿಲಾ ಟೇಪು ಹಿಡಿದಳು. ಹದಿನೆಂಟೂವರೆ.

"ಅರ್ಧಾ ಇಂಚು ವಾರದಾಗ ತಾನೇ ಇಳೀತದ," ಎಂದ ಹಬೀಬ ಕೆಳಗಿನಿಂದಲೇ. "ಆ ಮ್ಯಾಲೆ ಒಮ್ಮಿ ತಂದು ಕ್ಲ್ಯಾಂಪ್ ಬಿಗಿಸಿಕೊಂಡು ಹೋಗ್ರಿ. ನೀವೇ ಬರ್ರಿ ಭಾಭಿ, ಇವರೊಬ್ಬರನ್ನ ಕಳಸಬ್ಯಾಡ್ರಿ."

ಬುಧವಾರ ಬೆಳಿಗ್ಗೆ ಶಾಲುಬಾಯಿ ಜೀಪನ್ನು ನೋಡಿದರು, ಸೊಸೆಯನ್ನು ನೋಡಿದರು. ಕಾಲು ಆಗಲೇ ಬಾತಿತ್ತು.

"ಓಣಿ ಮೂಲಿ ತನಕ ಬರ್ತೇನಿ. ಕುಟ್ಟಿದರ ಅಲ್ಲೇ ಇಳೀತೇನಿ."

ಸ್ಟೂಲು ಬೇಕಾಗಲಿಲ್ಲ. ಓಣಿಯ ಮೂಲೆ ಬಂತು, ಅವರು ಇಳಿಯಲಿಲ್ಲ. ಸಂತಪೂರದ ರಸ್ತೆಯುಬ್ಬಿನ ಮೇಲೆ ಜೀಪು ಒಮ್ಮೆ ಮೆಲ್ಲಗೆ ತೂಗಿ ಮುಂದೆ ಸಾಗಿತು. ಪ್ರಭಾಕರ ಕನ್ನಡಿಯಲ್ಲಿ ತಾಯಿಯ ಮುಖ ನೋಡಿದ. ಶಾಲುಬಾಯಿ ಕಣ್ಣು ಮುಚ್ಚಿ ಸೀಟಿನ ಮೇಲೆ ಕಾಲು ಚಾಚಿದ್ದರು. ಬೀದರ ಹತ್ತಿರವಾಗುತ್ತಿದ್ದಂತೆ ಅವನ ಮನಸ್ಸು ಹಗುರಾಯಿತು.

"ಪ್ರಮಿಲಾ, ಗಾಡಿ ಈಗ ಭಾರೀ ಚಲೋ ಆಗ್ಯಾದ. ಹೊಳ್ಳಿ ಬರೋವಾಗ ಗಂಜ್ ಮಾರ್ಕೆಟಿನಿಂದ ನಾಕೇ ನಾಕು ಚೀಲಾ ಬೀಜಾ..."

ಉತ್ತರ ಹಿಂದಿನ ಸೀಟಿನಿಂದ ಬಂತು.

"ಚೀಲಾ ಹಾಕಿದರ ನಿನ್ನ ತಲಿ ಮ್ಯಾಲೆ ಹಾಕ್ಕೊಂಡು ಬಾ," ಎಂದರು ಶಾಲುಬಾಯಿ ಕಣ್ಣು ತೆರೆಯದೆ. "ಮತ್ತ ಶುಕ್ರವಾರ ಇಷ್ಟು ತಡಾ ಮಾಡಿ ಹೊಂಡಬ್ಯಾಡ. ದವಾಖಾನ್ಯಾಗ ಖಿಡಕಿ ಬಾಜೂಕಿನ ಪಲಂಗ ಬ್ಯಾರೆಯವರು ಹಿಡೀತಾರ."